ಚಿತ್ಪುರದ ಅರ್ಧ ದಾರಿ

ಸರಕಾರಿ ಗುಮಾಸ್ತರಿಗೆ ಊರು ಎಂದರೆ ಎರಡೇ ಜಾಗ. ಒಂದು ಮನೆ, ಇನ್ನೊಂದು ಕಚೇರಿ. ನಡುವೆ ಇರುವುದೆಲ್ಲ ಬಸ್ಸಿನ ಕಿಟಕಿ. ಕಲಕತ್ತೆಗೆ ಬಂದು ಆರು ವರ್ಷವಾದರೂ ನಾವು ಕಂಡ ಕಲಕತ್ತೆ ಅಷ್ಟೇ. ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿ, ಕರಿಬೇವು, ತೆಂಗಿನಕಾಯಿ ಸಿಗುತ್ತವೆ. ಯುಗಾದಿಗೂ ರಾಜ್ಯೋತ್ಸವಕ್ಕೂ ನಮ್ಮ ಸಂಘವಿದೆ. ಇನ್ನೇನು ಬೇಕು ಎಂದುಕೊಂಡಿದ್ದೆವು.

ಅಷ್ಟು ಸಾಲದೆ ಹೋದದ್ದು ನಮ್ಮ ಆಯಿಗೆ. ತಂದೆಯವರು ತೀರಿಕೊಂಡ ಮೇಲೆ ಕಾರವಾರದ ಮನೆಗೆ ಬೀಗ ಹಾಕಿ ಅವರನ್ನು ಇಲ್ಲಿಗೆ ಕರೆತಂದಿದ್ದೆವು. ಎರಡು ವರ್ಷವಾದರೂ ನೆರೆಮನೆಯ ಬಂಗಾಳಿ ಹೆಂಗಸರು ಮಾತಾಡಿಸಿದರೆ ನಕ್ಕು ಬಾಗಿಲು ಮುಂದೂಡುವುದಷ್ಟೇ ಅವರಿಗೆ ಗೊತ್ತು. ಚಳಿಗಾಲದ ಒಂದು ರಾತ್ರಿ ಊಟದ ಹೊತ್ತಿಗೆ, "ತಮ್ಮಾ, ನನ್ನನ್ನು ಊರಿಗೆ ಕಳಿಸಿಬಿಡು. ಇಲ್ಲಿ ನಮ್ಮದು ಅನ್ನೋದು ಏನಿದೆ?" ಎಂದರು. ಕಚೇರಿಯ ದಣಿವೋ, ನಮ್ಮ ದುರ್ಬುದ್ಧಿಯೋ, "ಅಲ್ಲಿ ತಾನೇ ಏನಿದೆ ಆಯಿ? ಬೀಗ ಹಾಕಿದ ಮನೆ ತಾನೆ?" ಎಂದುಬಿಟ್ಟೆವು. ಆಯಿ ಕೈ ತೊಳೆದುಕೊಂಡು ಎದ್ದರು. ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೆಯ ದಿನ ನಾವು ಹುಬ್ಬಳ್ಳಿಗೆ ಟಿಕೆಟ್ಟು ತೆಗೆಸಿದೆವು. ಹೋಳಿಯ ಮೊದಲು ಊರಿಗೆ ಹೊರಟಿದ್ದ ಸಂಘದ ಮಿತ್ರರೊಬ್ಬರ ಸಂಸಾರದೊಡನೆ ಅವರೂ ಹೋಗುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ಸಂಘದವರು ಒಂದು ಭಾನುವಾರ ಚಿತ್ಪುರ ರಸ್ತೆಯನ್ನು ಕಾಲ್ನಡಿಗೆಯಲ್ಲಿ ನೋಡುವ ಏರ್ಪಾಡು ಮಾಡಿದರು. ನಿವೃತ್ತ ಬಂಗಾಳಿ ಮೇಷ್ಟರೊಬ್ಬರು ತೋರಿಸುವವರು. ಆಯಿ ಬರುವುದಿಲ್ಲವೆಂದರು. ಮೂರನೆಯ ತರಗತಿಯ ನಮ್ಮ ಮಗಳು ಅಜ್ಜಿಯ ಸೆರಗು ಬಿಡಲಿಲ್ಲ, ಕೊನೆಗೆ ಹೊರಟರು.

ಬೆಳಗ್ಗೆ ಏಳಕ್ಕೆ ಲಾಲ್‌ಬಜಾರಿನ ಪೊಲೀಸ್ ಕಚೇರಿಯ ಬಳಿ ಹದಿನೈದು ಮಂದಿ ಸೇರಿದೆವು. ರಸ್ತೆಯ ಈಗಿನ ಹೆಸರು ರವೀಂದ್ರ ಸರಣಿ. ಜನರ ಬಾಯಲ್ಲಿ ಇನ್ನೂ ಚಿತ್ಪುರವೇ. ನಾವು ಬಿ.ಎ. ಓದಿದವರಲ್ಲವೆ? ಜೋಬ್ ಚಾರ್ನಾಕ್ 1690ರ ಆಗಸ್ಟ್ 24ರಂದು ಈ ಊರು ಕಟ್ಟಿದನೆಂದು ಜಾಣತನ ತೋರಿಸಿದೆವು. ಮೇಷ್ಟರು ನಕ್ಕರು. ಚಾರ್ನಾಕನನ್ನು ಸ್ಥಾಪಕನೆನ್ನಲಾಗದು, ಆ ದಿನ ಊರಿನ ಹುಟ್ಟುಹಬ್ಬವೂ ಅಲ್ಲವೆಂದು 2003ರಲ್ಲಿ ಇಲ್ಲಿಯ ಹೈಕೋರ್ಟೇ ತೀರ್ಪು ಕೊಟ್ಟಿದೆಯಂತೆ. ಸುತಾನುಟಿ, ಕಲಿಕಾತಾ, ಗೋವಿಂದಪುರ ಎಂಬ ಹಳ್ಳಿಗಳು ಮೊದಲೇ ಇದ್ದವು. ಉತ್ತರಕ್ಕೆ ಚಿತ್ಪುರದ ಚಿತ್ತೇಶ್ವರಿ, ದಕ್ಷಿಣಕ್ಕೆ ಕಾಳೀಘಾಟಿನ ಕಾಳಿ. ಇವೆರಡರ ನಡುವೆ ಯಾತ್ರಿಕರು ನಡೆದೂ ನಡೆದೂ ಆದ ದಾರಿ ಇದು. ಊರಿಗಿಂತ ಬೀದಿಗೆ ವಯಸ್ಸು ಹೆಚ್ಚು!

ಮೇಷ್ಟರ ಮಾತೆಲ್ಲ ಬಂಗಾಳಿಯಲ್ಲಿ. ಆಯಿಗೆ ಅದನ್ನು ಕನ್ನಡ ಮಾಡಿ ಹೇಳುವ ಕೆಲಸ ಮಗಳು ತಾನಾಗಿ ವಹಿಸಿಕೊಂಡಳು. ಅವಳ ಕನ್ನಡ ಕೆಟ್ಟುಹೋಯಿತೆಂದು ನಾವು ಕೊರಗದ ದಿನವಿಲ್ಲ. ಬಂಗಾಳಿಯಲ್ಲಿ ನೀರನ್ನೂ 'ತಿನ್ನುತ್ತಾರೆ'; ಅದರಂತೆ ಅವಳು "ಅಜ್ಜಿ, ನೀರು ತಿಂತೀಯಾ?" ಎನ್ನುವಳು. ಆಯಿ "ಕುಡೀತೀಯಾ ಅನ್ನೇ" ಎಂದು ತಿದ್ದುವರು. ಆ ಕೆಟ್ಟ ಕನ್ನಡದ ಕೈ ಹಿಡಿದೇ ಆ ದಿನ ಆಯಿ ಬೀದಿ ದಾಟಿದ್ದು.

ಟೆರಿಟ್ಟಿ ಬಜಾರಿನ ಬಳಿ ಚೀನೀ ಹೆಂಗಸರು ಪಾತ್ರೆಗಳಿಂದ ಹಬೆಯಾಡುವ ತಿಂಡಿ ತೆಗೆದು ಮಾರುತ್ತಿದ್ದರು. ವೆನಿಸಿನಿಂದ ಬಂದ ಎಡ್ವರ್ಡ್ ಟಿರೆಟ್ಟಾ ಎಂಬವನ ಹೆಸರು ಪೇಟೆಗೆ; ಬೇರೂರಿದವರು ಚೀನೀಯರು. 1962ರ ಯುದ್ಧದ ಬಳಿಕ ಬಹಳ ಜನ ಊರು ಬಿಟ್ಟರೂ ಉಳಿದವರು ಭಾನುವಾರದ ಒಲೆ ಆರಿಸಿಲ್ಲ. ಆಯಿ ಮೂಗಿಗೆ ಸೆರಗು ಹಿಡಿದರೂ ಒಬ್ಬ ಮುದುಕಿಯನ್ನು ಬಹಳ ಹೊತ್ತು ನೋಡಿದರು.

ಮುಂದೆ ಅತ್ತರಿನ ಅಂಗಡಿಗಳ ಸಾಲು, ಅದರ ನೆತ್ತಿಗೆ ಕೆಂಪು ಕಲ್ಲಿನ ನಾಖೋದಾ ಮಸೀದಿ. ಕಚ್ಛದಿಂದ ಬಂದ ಮೇಮನ್ ವರ್ತಕರು 1926ರಲ್ಲಿ ಅಸ್ತಿಭಾರ ಹಾಕಿ ಕಟ್ಟಿಸಿದ್ದು. ಸಿಕಂದರಾದಲ್ಲಿರುವ ಅಕ್ಬರನ ಗೋರಿ ಇದಕ್ಕೆ ಮಾದರಿ. ನಾಖೋದಾ ಎಂದರೆ ಹಡಗಿನ ಯಜಮಾನ ಎಂದು ಮಗಳು ಹೇಳಿದ್ದೇ ತಡ, "ಅಯ್ಯೋ, ನಮ್ಮಲ್ಲೂ ಮಚವೆ ನಡೆಸುವವನಿಗೆ ನಾಖ್ವಾ ಅಂತಿದ್ದರಲ್ಲೇ!" ಎಂದರು ಆಯಿ. ಎಷ್ಟೋ ದಿನದ ಮೇಲೆ ಅವರ ದನಿ ಅಷ್ಟು ಎತ್ತರಕ್ಕೆ ಏರಿತ್ತು.

ಹತ್ತರ ಹೊತ್ತಿಗೆ ಜೋಡಾಸಾಂಕೋದ ಠಾಕೂರರ ಮನೆ ಸೇರಿದೆವು. 1784ರಲ್ಲಿ ನೀಲಮಣಿ ಠಾಕೂರರು ಕಟ್ಟಿಸಲು ತೊಡಗಿದ ಮನೆ. ರವೀಂದ್ರರು 1861ರಲ್ಲಿ ಹುಟ್ಟಿದ್ದೂ 1941ರಲ್ಲಿ ಕಣ್ಣು ಮುಚ್ಚಿದ್ದೂ ಇಲ್ಲಿಯೇ. ಅವರ ಹಿರಿಯರೂ ಜೆಸೋರಿನ ಕಡೆಯಿಂದ ವಲಸೆ ಬಂದವರಂತೆ. ಅಂಗಳದ ಕಟ್ಟೆಯ ಮೇಲೆ ಕುಳಿತ ಆಯಿಯನ್ನು ಮೇಷ್ಟರು ಯಾವ ಊರೆಂದು ಕೇಳಿದರು. "ಕಾರವಾರ" ಎಂದಳು ಮಗಳು. ಮೇಷ್ಟರು ಎದ್ದು ನಿಂತರು!

ರವೀಂದ್ರರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಗೆದ್ದ ಮೊದಲ ಭಾರತೀಯರು. ಅವರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತಮ್ಮ ಅಲ್ಲಿಗೆ ಹೋಗಿ ಉಳಿದರು; ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ತಿರುಗಿದರು; 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಮಗಳು ತಡವರಿಸಿ ಇಷ್ಟನ್ನೂ ಒಪ್ಪಿಸಿದಳು.

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಡಲ ದಂಡೆಯಲ್ಲಿ ಟಾಗೋರ್ ಅಂತ ಬೋರ್ಡು ಇದೆಯಲ್ಲೋ ತಮ್ಮಾ. ಸಂಜೆ ನಿನ್ನ ಅಪ್ಪನ ಜೊತೆ ಅಲ್ಲೇ ಕೂರುತ್ತಿದ್ದೆ. ಯಾರೋ ದೊಡ್ಡ ಸಾಹೇಬ ಅಂದುಕೊಂಡಿದ್ದೆ. ಈ ಮನೆಯ ಹುಡುಗನೇ?" ಎಂದರು. ಆಮೇಲೆ ಮೊಮ್ಮಗಳಿಗೆ, "ಅವನಿಗೆ ನಮ್ಮ ಸಮುದ್ರ ಹಿಡಿಸಿತ್ತೇ ಕೇಳು" ಎಂದರು. ಐವತ್ತರ ವಯಸ್ಸಿನಲ್ಲಿ ಬರೆದ 'ಜೀವನಸ್ಮೃತಿ'ಯಲ್ಲೂ ಅದನ್ನು ಮರೆತಿಲ್ಲವೆಂದು ಮೇಷ್ಟರು ಹೇಳಿದರು.

ಇನ್ನು ಆಯಿಯನ್ನು ತಡೆಯುವವರಾರು? ಕಾಳಿ ಕಡಲು ಸೇರುವ ಕಡೆ ನೀರಿನ ಬಣ್ಣ ಹೇಗೆ ಎರಡಾಗುತ್ತದೆ, ಗಾಳಿಮರಗಳು ರಾತ್ರಿ ಹೇಗೆ ಸದ್ದು ಮಾಡುತ್ತವೆ, ದೇವಗಡದ ದೀಪ ಎಲ್ಲಿಂದ ಕಾಣುತ್ತದೆ, ಎಲ್ಲವನ್ನೂ ಹೇಳಿದರು. ಮಗಳು ಬಂಗಾಳಿ ಮಾಡಿದಳು. ಬೆಳಗ್ಗಿನಿಂದ ಪಾಠ ಹೇಳಿದ ಮೇಷ್ಟರು ಈಗ ಕೆಳಗೆ ಕುಳಿತು ಕೇಳುವ ಹುಡುಗರಾದರು. ನಾವು ಬೀಗ ಹಾಕಿದ ಮನೆಯೆಂದು ಹಳಿದದ್ದರಲ್ಲಿ ಇಷ್ಟೆಲ್ಲ ಇತ್ತೆ! ನಾವು ತಲೆ ಎತ್ತಲಿಲ್ಲ.

ಬಿಸಿಲೇರಿತು. ಗರಾನ್‌ಹಾಟದ ಬೆಳ್ಳಿ ಕೆಲಸದವರು, ಜಾತ್ರಾ ನಾಟಕ ಕಂಪನಿಗಳ ಕಚೇರಿಗಳು, ಕುಮಾರಟುಲಿಯಲ್ಲಿ ದುರ್ಗೆಯನ್ನು ತಿದ್ದುವ ಕುಂಬಾರರು ಇನ್ನೂ ಉತ್ತರಕ್ಕಿದ್ದರು. ಉಳಿದ ಅರ್ಧ ಇನ್ನೊಮ್ಮೆ ಎಂದರು ಮೇಷ್ಟರು.

ಟಿಕೆಟ್ಟು ರದ್ದಾಯಿತೆಂದು ಬರೆದರೆ ಓದುಗರಿಗೆ ಸಂತೋಷವಾಗುತ್ತಿತ್ತೋ ಏನೋ. ಹಾಗಾಗಲಿಲ್ಲ. ಹಿಂದಿನ ರಾತ್ರಿ ನಾವು ಆ ಮಾತಿಗೆ ಕ್ಷಮೆ ಕೇಳಿದಾಗ ಆಯಿ, "ಹಸಿದಿದ್ದೆಯಲ್ಲ, ಬಿಡು" ಎಂದರಷ್ಟೆ. ಹೌರಾ ನಿಲ್ದಾಣದಲ್ಲಿ ಮಗಳು ಕಿಟಕಿಯಿಂದ ಬಾಟಲಿ ಕೊಟ್ಟು, "ಅಜ್ಜಿ, ದಾರಿಯಲ್ಲಿ ನೀರು ತಿನ್ನು" ಎಂದಳು. ಆಯಿ ತಿದ್ದಲಿಲ್ಲ, "ತಿಂತೇನೆ ಪುಟ್ಟಿ" ಎಂದರು. ರೈಲು ಅಲುಗಿದ ಮೇಲೆ ನಮ್ಮತ್ತ ತಿರುಗಿ, "ತಮ್ಮಾ, ಆ ಉಳಿದ ಅರ್ಧ ಇದೆಯಲ್ಲ, ನನ್ನನ್ನು ಬಿಟ್ಟು ನೋಡಬೇಡಿರೋ" ಎಂದರು.

ನಾವು ಇನ್ನೂ ನೋಡಿಲ್ಲ.