ಎಂಟು ಅಂದರೆ ಎಷ್ಟು?

ಅಪ್ಪ "ಎಂಟು" ಅನ್ನಲು ಶುರುಮಾಡಿ ಆಗ ಹತ್ತು ದಿನ ಆಗಿತ್ತು.

ಬೆಳಿಗ್ಗೆ ಹಲ್ಲುಜ್ಜಿಸುವಾಗ ಎಂಟು. ಗಂಜಿ ಕುಡಿಸುವಾಗ ಎಂಟು. ಯಾರಾದರೂ ನೋಡಲು ಬಂದರೆ ಎಡಗೈ ಎತ್ತಿ, ತುಂಬಿದ ಸಭೆಗೆ ಹೇಳುವವರ ಹಾಗೆ, "ಎಂಟು!" ಬಂದವರು ನಮ್ಮ ಮುಖ ನೋಡುತ್ತಾರೆ. ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಒಂದಿಬ್ಬರು ಮೇಲ್ ಮಾಡಿ ಬದುಕಿದ್ದೀಯಾ ಅಂತ ವಿಚಾರಿಸಿದಿರಿ, ಥ್ಯಾಂಕ್ಸ್. ಕಾರಣ ಇದು. ಅಪ್ಪನಿಗೆ ಸ್ಟ್ರೋಕ್ ಆಯಿತು, ಮೆದುಳಿನ ಎಡಭಾಗದಲ್ಲಿ. ಬಲಗೈ, ಬಲಗಾಲು ಸೋತವು, ಜೊತೆಗೆ ಮಾತೂ ಹೋಯಿತು. ಎರಡು ವಾರ ಮಣಿಪಾಲದಲ್ಲಿದ್ದು ಕುಕ್ಕುಂದೂರಿನ ಮನೆಗೆ ಕರೆದುಕೊಂಡು ಬಂದೆವು. ನಾನು ಬೆಂಗಳೂರಿನ ಆಫೀಸಿಗೆ ಹೇಳಿ ಇಲ್ಲಿಂದಲೇ ಕೆಲಸ ಮಾಡುತ್ತಿದ್ದೇನೆ.

ಮಾತು ಹೋಯಿತು ಅಂದೆನಲ್ಲ, ಪೂರ್ತಿ ಹೋಗಿಲ್ಲ. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ನಾವು ಹೇಳಿದ್ದು ಹೆಚ್ಚುಕಡಿಮೆ ಗೊತ್ತಾಗುತ್ತದೆ, ತಾನು ಏನು ಹೇಳಬೇಕು ಅಂತಲೂ ಗೊತ್ತಿರುತ್ತದೆ, ಆದರೆ ಬಾಯಿಗೆ ಬರುವ ಶಬ್ದ ಬೇರೆ. ಅಥವಾ ಒಂದೇ ಶಬ್ದ ಮತ್ತೆ ಮತ್ತೆ. ವಿಚಿತ್ರ ಎಂತ ಗೊತ್ತುಂಟಾ, ಹಾಡು ಬರುತ್ತದೆ! ಹಾಡು, ಶ್ಲೋಕ, ಎಷ್ಟೋ ವರ್ಷ ಬಾಯಿಪಾಠ ಮಾಡಿದ್ದು ಇಂಥವರಲ್ಲಿ ಹಲವು ಸಲ ಉಳಿದುಕೊಳ್ಳುತ್ತದೆ. ಅಪ್ಪ ಯಕ್ಷಗಾನದ ಪದ್ಯ ಇಡೀ ಹೇಳುತ್ತಾರೆ. ನೀರು ಬೇಕು ಅನ್ನಲು ಆಗುವುದಿಲ್ಲ.

ಅಪ್ಪ ತಾಳಮದ್ದಳೆಯ ಅರ್ಥಧಾರಿ. ಘಟ್ಟದ ಮೇಲಿನವರಿಗೆ ಒಂದು ಮಾತು: ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ, ಪಂಚೆ ಶಾಲು ಹಾಕಿ ಕುಳಿತವರು ಆ ಪದ್ಯಕ್ಕೆ ಪಾತ್ರವಾಗಿ ಅಲ್ಲಲ್ಲೇ ಅರ್ಥ ಹೇಳುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಅಪ್ಪನದ್ದು ದೊಡ್ಡ ಹೆಸರೇನಲ್ಲ, ಕಾರ್ಕಳದ ಸುತ್ತಮುತ್ತ ಕರೆದರೆ ಹೋಗುವಷ್ಟು. ಹೊಟ್ಟೆಪಾಡು ದಸ್ತಾವೇಜು ಬರೆಯುವುದು. ಹಗಲಿಗೆ ಕ್ರಯಪತ್ರ, ವಿಭಾಗಪತ್ರ. ರಾತ್ರಿಗೆ ಕಂಸ, ರಾವಣ, ಹಿರಣ್ಯಕಶಿಪು. ರಾಮನೋ ಕೃಷ್ಣನೋ ಮಾಡಿದ್ದು ನಾನು ನೋಡಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮-೨೦೦೬) ಪ್ರತಿನಾಯಕರಿಗೆ ಮಾತು ಕೊಟ್ಟ ಮೇಲೆ ನಮ್ಮ ಕಡೆಯ ಎಷ್ಟೋ ಜನರಿಗೆ ರಾಮನಾಗುವುದಕ್ಕಿಂತ ರಾವಣನಾಗುವುದೇ ಆಸೆ. ಅಪ್ಪನೂ ಆ ಪೈಕಿ.

ಇನ್ನು ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ವಯಸ್ಸು ನಲವತ್ತಕ್ಕೆ ಬಂದರೂ ವಿಡಿಯೋ ಗೇಮ್ ಬಿಟ್ಟಿಲ್ಲ :-) ಅದರಲ್ಲೂ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅದರಲ್ಲಿ ಹಳೆಯ ದೇವರುಗಳು ಅಂತ ಇದ್ದಾರೆ, ಭೂಮಿಯೊಳಗೆ ಬಂಧಿಸಿಟ್ಟ ದುಷ್ಟರು. ಅವರು ಬಂದು ಹೊಡೆಯುವುದಕ್ಕಿಂತ ಹೆಚ್ಚಾಗಿ ಪಿಸುಗುಡುತ್ತಾರೆ. ೨೦೦೬ರಲ್ಲಿ ಬಂದ ಸಿ'ಥೂನ್ ಎಂಬವನ ಗುಡಿಯಲ್ಲಿ ಅಲೆಯುವಾಗ ಇದ್ದಕ್ಕಿದ್ದಂತೆ ನಿಮಗೊಬ್ಬರಿಗೇ ಒಂದು ಸಾಲು ಬರುತ್ತದೆ, ಪಕ್ಕದಲ್ಲಿರುವ ಗೆಳೆಯರೇ ನಿಮಗೆ ಕೈಕೊಡುತ್ತಾರೆ ಅನ್ನುವ ಧಾಟಿಯದ್ದು. ಪಕ್ಕದವನಿಗೆ ಅದು ಕಾಣಿಸುವುದಿಲ್ಲ. ೨೦೧೬ರಲ್ಲಿ ಇಲ್‌ಗಿನೋತ್ ಅಂತ ಒಬ್ಬ ಬಂದ, ಮೈಯೆಲ್ಲ ಕಣ್ಣು. ಅವನ ಪಿಸುಮಾತುಗಳೋ, ಒಗಟಿನ ಅಪ್ಪ. ಇಸ್ಪೀಟಿನ ಡೈಮಂಡ್ ರಾಜ ಈಗ ಚದುರಂಗದ ಕಾಲಾಳಾಗಿದ್ದಾನೆ ಅನ್ನುವ ಅರ್ಥದ್ದು ಒಂದು. ಆ ಆಟದಲ್ಲಿ ಮ್ಯಾಗ್ನಿ ಅನ್ನುವ ಕುಬ್ಜರ ರಾಜ ೨೦೧೦ರಲ್ಲೇ ವಜ್ರದ ವಿಗ್ರಹವಾಗಿ ಹೋಗಿದ್ದ, ೨೦೧೬ರಲ್ಲಿ ಎದ್ದು ಬಂದು ಭೂಮಿಯ ಪರವಾಗಿ ಮಾತಾಡಲು ಶುರುಮಾಡಿದ. ಸರಿ, ರಾಜ ಅವನೇ. ಆದರೆ ಯಾರ ಕಾಲಾಳು? ಭೂಮಿಯ ಕೈಗೊಂಬೆಯೋ, ಆ ದುಷ್ಟರದ್ದೋ? ಅದರ ಮೇಲೆ ನಾನು ಕಳೆದ ರಾತ್ರಿಗಳ ಲೆಕ್ಕ ಅಮ್ಮನಿಗೆ ಗೊತ್ತಾಗದಿರಲಿ. ಇಂಥ ಸಾಲು ಬರೆಯುವ ಕಥೆಗಾರರಿಗೆ ಒಂದು ಅನುಕೂಲ ಉಂಟು. ಸಾಲನ್ನು ಸಡಿಲ ಬಿಟ್ಟರೆ ಸಾಕು, ಎರಡು ವರ್ಷ ಕಳೆದು ಯಾವ ಘಟನೆ ಬಂದರೂ ಆಟಗಾರರೇ ತಂದು ಅದಕ್ಕೆ ಹೊಲಿಯುತ್ತಾರೆ.

ಇದನ್ನು ಒಮ್ಮೆ ಅಪ್ಪನಿಗೆ ಹೇಳಿದ್ದೆ, ಸ್ಟ್ರೋಕಿಗೆ ಎಷ್ಟೋ ಮೊದಲು. ನಗಾಡಿದರು. "ನಿನ್ನ ಅಸುರ ಸುಲಭದವ ಮಾರಾಯ. ಹೇಳಿ ಕೂತುಬಿಡುತ್ತಾನೆ. ನಮ್ಮವರು ಬರೆಸಿಕೊಳ್ಳುತ್ತಾರೆ" ಅಂದರು.

ಆಮೇಲೆ ಒಂದು ಗಂಟೆ ಅವರ ಸಿದ್ಧಾಂತ ಕೇಳಬೇಕಾಯಿತು. ಚೆನ್ನಾಗಿತ್ತು, ಹಾಗಾಗಿ ನಿಮಗೂ ಹೇಳುತ್ತೇನೆ. ಅಸುರ ತಪಸ್ಸು ಮಾಡುತ್ತಾನೆ, ಬ್ರಹ್ಮ ಬರುತ್ತಾನೆ, ಸಾವೇ ಬೇಡ ಅನ್ನುತ್ತಾನೆ ಅಸುರ. ಅದು ಕೊಡಲು ಆಗುವುದಿಲ್ಲ, ಬೇರೆ ಕೇಳು ಅನ್ನುತ್ತಾನೆ ಬ್ರಹ್ಮ. ಅಲ್ಲಿಂದ ಶುರು ಪಟ್ಟಿ. ಒಳಗಲ್ಲ ಹೊರಗಲ್ಲ, ಹಗಲಲ್ಲ ರಾತ್ರಿಯಲ್ಲ. ಅಪ್ಪ ಅದನ್ನು ದಸ್ತಾವೇಜಿನ ಚಕ್ಕುಬಂದಿಗೆ ಹೋಲಿಸುತ್ತಿದ್ದರು. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ತೋಡು ಅಂತ ನಾಲ್ಕೂ ದಿಕ್ಕು ಬರೆಸಿದ ಮೇಲೂ ಒಂದು ಮೂಲೆ ಬಿಟ್ಟುಹೋಗಿರುತ್ತದೆ, ಮೂವತ್ತು ವರ್ಷ ಕಳೆದು ವ್ಯಾಜ್ಯ ಆಗುವುದು ಅಲ್ಲೇ. "ವರ ಅಂದರೆ ಅಸುರ ತನ್ನ ಕೈಯಾರೆ ಬರೆಸಿಕೊಂಡ ಭವಿಷ್ಯ. ಸಾಯುವುದು ಹೇಗೆ ಅಂತ ಅದರಲ್ಲೇ ಉಂಟು. ಏನು ಬರೆಸಿದ್ದಾನೆ ಅಂತ ಓದಬಾರದು, ಏನು ಬಿಟ್ಟಿದ್ದಾನೆ ಅಂತ ಓದಬೇಕು."

ನಾನು ಕೇಳಿದೆ, ಅಷ್ಟು ಬುದ್ಧಿವಂತರು ಯಾಕೆ ಬಿಡುತ್ತಾರೆ?

"ಮರೆತು ಬಿಡುವುದಲ್ಲ. ಲೆಕ್ಕಕ್ಕಿಲ್ಲ ಅಂತ ಬಿಡುವುದು."

ರಾವಣ ದೇವತೆಗಳನ್ನು, ಯಕ್ಷ ರಾಕ್ಷಸರನ್ನೆಲ್ಲ ಬರೆಸಿದ, ಮನುಷ್ಯರನ್ನು ಬಿಟ್ಟ. ಅವರು ಅವನಿಗೆ ಹುಲ್ಲುಕಡ್ಡಿ. ಮಹಿಷಾಸುರ ಹೆಂಗಸರನ್ನು ಬಿಟ್ಟ. ದೇವಿಮಹಾತ್ಮೆ ಆಟದಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ ನೋಡಿ, ದೊಂದಿ ಹಿಡಿದು ಜನರ ನಡುವಿನಿಂದ ಆರ್ಭಟಿಸುತ್ತಾ ಬರುತ್ತಾನೆ. ಚಿಕ್ಕವನಿದ್ದಾಗ ನಾನು ಅಮ್ಮನ ಸೆರಗಿನೊಳಗೆ ಮುಖ ಹಾಕುತ್ತಿದ್ದೆ. ಅಷ್ಟು ಅಬ್ಬರದವನಿಗೆ ಹೆಂಗಸು ಅಂದರೆ ಪಟ್ಟಿಯಲ್ಲಿ ಸೇರಿಸುವಷ್ಟೂ ಭಯ ಇರಲಿಲ್ಲ. ನಮ್ಮದೇ ಕಟೀಲಿನ ಕಥೆಯ ಅರುಣಾಸುರ ಇನ್ನೂ ಜಾಗ್ರತೆಯವನು. ಗಂಡಸು, ಹೆಂಗಸು ಎರಡನ್ನೂ ಸೇರಿಸಿದ, ಆಯುಧ ಸೇರಿಸಿದ, ಎರಡು ಕಾಲಿನದ್ದು ನಾಲ್ಕು ಕಾಲಿನದ್ದು ಎಲ್ಲ ಸೇರಿಸಿದ. ಕೊನೆಗೆ ದೇವಿ ಬಂಡೆಯೊಳಗಿಂದ ದುಂಬಿಯಾಗಿ ಬಂದಳು. ಆರು ಕಾಲು! ನಂದಿನಿ ನದಿಯ ನಡುವೆ ಆ ದೇವಸ್ಥಾನಕ್ಕೆ ಹೋದಾಗಲೆಲ್ಲ ಅಪ್ಪ ಪ್ರಸಾದಕ್ಕಿಂತ ಮೊದಲು ಇದನ್ನೇ ಹೇಳುವುದು. "ಆರು ಕಾಲು ಅಂತ ಒಂದು ಗೆರೆ ಬರೆಸಿದ್ದರೆ ಇವತ್ತಿಗೂ ಇರುತ್ತಿದ್ದ."

ಮ್ಯಾಕ್‌ಬೆತ್ತನೂ ಹಾಗೇ ಅಲ್ಲವಾ, ಹೆಣ್ಣು ಹೆತ್ತವರು ಯಾರೂ ನಿನ್ನನ್ನು ಕೊಲ್ಲಲಾರರು ಅಂದರೆ ನಿಶ್ಚಿಂತೆಯಾಗಿ ಕೂತ, ಎದುರಿಗೆ ಬಂದವನು ಹೊಟ್ಟೆ ಕೊಯ್ದು ತೆಗೆದವನು. ಆಮೇಲೆ ಟೋಲ್ಕಿನ್ ಕಥೆಯ ಪ್ರೇತರಾಜ, ಗಂಡಸರಿಂದ ಸಾವಿಲ್ಲ ಅಂತ ಕೊಬ್ಬಿದವನು, ಒಬ್ಬಳು ಹುಡುಗಿ ಮತ್ತು ಒಬ್ಬ ಗಿಡ್ಡನ ಕೈಯಲ್ಲಿ ಹೋದ.

ಕಂಸನದ್ದು ಮಾತ್ರ ಬೇರೆ. ಅವನು ಬರೆಸಿಕೊಂಡದ್ದಲ್ಲ, ಕೇಳಿಸಿಕೊಂಡದ್ದು. ತಂಗಿಯ ಮದುವೆಯ ದಿಬ್ಬಣದ ರಥ ಹೊಡೆಯುವಾಗ ಆಕಾಶದಿಂದ ಧ್ವನಿ, ಇವಳ ಎಂಟನೆಯದ್ದು ನಿನಗೆ ಮೃತ್ಯು ಅಂತ. ಎಂಟು ಅಂದರೆ ಎಂಟು, ಅದರಲ್ಲಿ ಒಗಟು ಏನೂ ಇಲ್ಲ. ಮೊದಲ ಮಗುವನ್ನು ಅವನು ಬಿಟ್ಟೂ ಬಿಡುತ್ತಾನೆ. ಆಗ ನಾರದ ಬಂದು ಎಂಟು ಎಸಳಿನ ತಾವರೆ ತೋರಿಸಿ, ಇದರಲ್ಲಿ ಎಂಟನೆಯದ್ದು ಯಾವುದು ಅಂತ ಕೇಳಿದ ಅಂತ ಹರಿಕಥೆಯವರು ಹೇಳುತ್ತಾರೆ. ಎಲ್ಲಿಂದ ಎಣಿಸುತ್ತೀ ಅನ್ನುವುದರ ಮೇಲೆ ಯಾವುದೂ ಎಂಟನೆಯದ್ದೇ. ಅಲ್ಲಿಂದ ಅವನಿಗೆ ನಿದ್ರೆ ಇಲ್ಲ. ಅಪ್ಪನ ಕಂಸ ಆ ತಾವರೆ ಹಿಡಿದುಕೊಂಡು ಇಪ್ಪತ್ತು ನಿಮಿಷ ಮಾತಾಡುತ್ತಿದ್ದ. ಎಣಿಸುವ, ತಪ್ಪುವ, ಮತ್ತೆ ಎಣಿಸುವ.

ಈಗ ನಿಮಗೆ ಗೊತ್ತಾಗಿರಬಹುದು "ಎಂಟು" ಕೇಳಿ ನಾನು ಎಲ್ಲಿಗೆ ಹೋದೆ ಅಂತ.

ಆದರೆ ನಾನೊಬ್ಬನೇ ಅಲ್ಲ. ಮುಂಬಯಿಯಿಂದ ಬಂದ ಅಣ್ಣನಿಗೆ ಅದು ಎಂಟು ಸೆಂಟ್ಸ್. ಜೋಡುರಸ್ತೆ ಕಡೆ ನಮ್ಮದೊಂದು ತುಂಡು ಜಾಗ ಉಂಟು, ಸರಿಯಾಗಿ ಎಂಟು ಸೆಂಟ್ಸ್. ಅದನ್ನು ಮಾರಿ ಚಿಕಿತ್ಸೆಗೆ ಹಾಕಿ ಅಂತ ಅಪ್ಪನೇ ಹೇಳುತ್ತಿದ್ದಾರೆ ಅಂತ ಅಣ್ಣ. ಅತ್ತೆಗೆ ಅದು ಅಷ್ಟಮ. ಅಷ್ಟಮ ಶನಿ ಅಂತ ಅಣ್ಣನಿಗೇ ಗೊತ್ತಾಗಿದೆ, ಪ್ರಶ್ನೆ ಇಡಿಸಿ ಅಂತ ಕಣ್ಣೀರು ಹಾಕಿದರು. ಪಕ್ಕದ ಮನೆಯವರು ಎಂಟು ದಿನ ಅಂತ ಲೆಕ್ಕ ಹಾಕಿದ್ದರು ಅಂತ ಕಾಣುತ್ತದೆ, ಬಾಯಿಬಿಟ್ಟು ಹೇಳಲಿಲ್ಲ, ಎಂಟು ದಿನ ದಾಟಿದ ಮೇಲೆ ಸ್ವಲ್ಪ ಸಮಾಧಾನವಾಗಿ ಮಾತಾಡಿಸಿದರು.

ನನ್ನ ವಾದ ಎಲ್ಲರಿಗಿಂತ ಗಟ್ಟಿ. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಎಂಟಕ್ಕೆ ಎಣ್ಮ ಅನ್ನುವುದು. ಜಾಗದ ವಿಷಯವಾದರೆ, ಶನಿಯ ವಿಷಯವಾದರೆ ಅಪ್ಪ ಎಣ್ಮ ಅನ್ನಬೇಕಿತ್ತು. ಕನ್ನಡದಲ್ಲಿ ಎಂಟು ಅನ್ನುತ್ತಿದ್ದಾರೆ ಅಂದರೆ ಅದು ಅರ್ಥಗಾರಿಕೆಯ ಎಂಟು, ಕಂಸನ ಎಂಟು! ಅಣ್ಣನ ಎದುರು ಇದನ್ನು ಹೇಳುವಾಗ ನನಗೆ ಒಳಗೊಳಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪನ ಕಲೆ ಗೊತ್ತಿರುವುದು ಈ ಮನೆಯಲ್ಲಿ ನನಗೊಬ್ಬನಿಗೆ ಅಂತ.

ಆ ಸಂಜೆ ಅಪ್ಪನ ಹಾಸಿಗೆಯ ಹತ್ತಿರ ಕೂತು ನೆನಪಿದ್ದಷ್ಟು ಕಂಸನ ಮಾತು ಹೇಳಿದೆ. ತಾವರೆ ಹಿಡಿದ ಹಾಗೆ ಕೈ ಮಾಡಿ ಎಸಳು ಎಣಿಸಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಮುಖ ಗೋಡೆಯ ಕಡೆ ತಿರುಗಿಸಿದರು. "ಎಂಟು" ಅಂದರು, ತುಂಬಾ ಸುಸ್ತಾದವರ ಹಾಗೆ.

ಇಲ್ಲಿ ಇನ್ನೊಂದು ಹೇಳಬೇಕು. ಸ್ಟ್ರೋಕ್ ಆಗುವ ಮೂರು ವಾರ ಮೊದಲು ಹತ್ತಿರದಲ್ಲೇ ಒಂದು ಕೂಟ ಇತ್ತು, ಅಪ್ಪನದ್ದೇ ಕಂಸ. ನಾನು ರಜೆಗೆ ಊರಿಗೆ ಬಂದಿದ್ದೆ. ಅಪ್ಪ ಶಾಲು ಮಡಚುತ್ತಾ "ಬರ್ತೀಯಾ?" ಅಂತ ಕೇಳಿದರು. ಆ ರಾತ್ರಿ ನಮ್ಮ ತಂಡದ ರೇಡ್ ಇತ್ತು, ಇಪ್ಪತ್ತು ಜನ ಕಾಯುತ್ತಿದ್ದರು. ಇನ್ನೊಮ್ಮೆ ಬರ್ತೇನೆ ಅಂದೆ. ಸರಿ ಅಂದು ಹೋದರು. ಬರುವಾಗ ರಾತ್ರಿ ಒಂದು ದಾಟಿತ್ತು, ನಾನಿನ್ನೂ ಹೆಡ್‌ಫೋನ್ ಹಾಕಿ ಕೂತಿದ್ದೆ, ಬಾಗಿಲು ತೆಗೆದದ್ದು ಅಮ್ಮ. ಅಪ್ಪ ಜೀವಮಾನದಲ್ಲಿ ಅರ್ಥ ಹೇಳಿದ್ದು ಅದೇ ಕೊನೆ.

ಮಾತು ಕಲಿಸಲು ಬರುವ ಥೆರಪಿಸ್ಟ್ ಮೇಡಂ ಬಳಿ ನನ್ನ ತುಳು-ಕನ್ನಡ ಸಂಶೋಧನೆಯನ್ನು ಹೇಳಿದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಎರಡು ಮೂರು ಭಾಷೆಯವರಲ್ಲಿ ಯಾವ ಭಾಷೆಯ ಶಬ್ದ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ, ಹೆಚ್ಚು ಆಡಿದ ಭಾಷೆಯೇ ಬರಬೇಕೆಂದೂ ಇಲ್ಲ ಅಂದರು. ನೀವು ಅರ್ಥ ಹುಡುಕುವ ಮೊದಲು ಅವರ ಕಣ್ಣು ಎಲ್ಲಿ ಹೋಗುತ್ತದೆ ನೋಡಿ ಅಂತಲೂ ಅಂದರು.

ಅಮ್ಮ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. "ಗಡಿಯಾರಕ್ಕೆ ಸೆಲ್ ತನ್ನಿ ಅಂತ ನಾನು ಮೂರು ಸಲ ಹೇಳಿದೆ" ಅಂದಳು.

ಅಪ್ಪನ ಹಾಸಿಗೆಯ ಎದುರಿನ ಗೋಡೆಯಲ್ಲಿ ಗಡಿಯಾರ. ನಾವು ಮಣಿಪಾಲದಲ್ಲಿದ್ದಾಗ ಯಾವತ್ತೋ ನಿಂತದ್ದು. ಎಂಟು ಗಂಟೆಗೆ ಒಂದೆರಡು ನಿಮಿಷ ಇರುವಾಗ. ನಮ್ಮೆಲ್ಲರ ಕೈಯಲ್ಲೂ ಮೊಬೈಲು, ಆ ಕಡೆ ತಲೆ ಎತ್ತಿ ನೋಡಿದವರೇ ಇಲ್ಲ. ಮಲಗಿದವರಿಗೆ ಬೆಳಿಗ್ಗೆ ಎದ್ದರೆ ಎಂಟು, ಊಟಕ್ಕೆ ಎಂಟು, ನಡುರಾತ್ರಿ ಎಚ್ಚರವಾದರೂ ಎಂಟು. ಅಮ್ಮ ಹೇಳಿದ್ದು ನಿಜ, ಸಾಮಾನಿನ ಚೀಟಿಯಲ್ಲಿ ಬರೆಸಿದ್ದಳು ಕೂಡ: ತೆಂಗಿನೆಣ್ಣೆ, ಡಯಾಪರ್, ಸೆಲ್. ಮೊದಲ ಎರಡು ತಂದಿದ್ದೆ.

ನನ್ನ ಟಿವಿ ರಿಮೋಟಿನಿಂದ ತೆಗೆದು ಆಗಲೇ ಹಾಕಿದೆ. ರಿಮೋಟಿನದ್ದು ಸಣ್ಣ ಸೈಜು ಇರಬೇಕು, ಕೂರಲಿಲ್ಲ. ಬೈಕ್ ತೆಗೆದುಕೊಂಡು ಪೇಟೆಗೆ ಹೋಗಿ ಬಂದೆ. ಮುಳ್ಳು ತಿರುಗಿಸಿ ಐದೂಕಾಲು ಮಾಡಿದೆ. ಅಪ್ಪ ಸೆಕೆಂಡು ಮುಳ್ಳನ್ನೇ ನೋಡುತ್ತಾ ಇದ್ದರು, ತುಂಬಾ ಹೊತ್ತು.

ಸಿನಿಮಾದಲ್ಲಾದರೆ ಅಲ್ಲಿಗೆ ಎಂಟು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಇನ್ನೂ ಎರಡು ದಿನ ಹೇಳಿದರು, ಆಮೇಲೆ ಬಿಟ್ಟರು. ಹಾಗಾಗಿ ಗಡಿಯಾರದ ಅರ್ಥವೂ ನಾವು ಕಟ್ಟಿದ್ದೇ ಇರಬಹುದು, ಮ್ಯಾಗ್ನಿ ರಾಜನ ಹಾಗೆ. ಅಣ್ಣ ಒಪ್ಪಿಲ್ಲ. ಮುಂಬಯಿಗೆ ಹೊರಡುವಾಗಲೂ ಜಾಗದ ಆರ್‌ಟಿಸಿ ಒಂದು ತೆಗೆದಿಡು ಅಂದ. ಅತ್ತೆ ಶನಿವಾರ ಎಳ್ಳೆಣ್ಣೆ ದೀಪ ಇಡುತ್ತಿದ್ದಾರೆ, ಗುಣವಾಗುತ್ತಿರುವುದು ಅದರಿಂದಲೇ ಅಂತ.

ಮೊನ್ನೆಯಿಂದ ಹೊಸ ಶಬ್ದ ಬಂದಿದೆ. "ಬಾಗಿಲು."

ಮನೆಯ ಎಲ್ಲಾ ಬಾಗಿಲಿನ ತಿರುಗಣಿಗೂ ಎಣ್ಣೆ ಬಿಟ್ಟಿದ್ದೇನೆ. ಮುಂಬಾಗಿಲು ತೆರೆದಿಟ್ಟು ನೋಡಿದೆ, ಮುಚ್ಚಿ ನೋಡಿದೆ. ಆ ರಾತ್ರಿ ಬಾಗಿಲು ತೆಗೆಯದ್ದು ನೆನಪಾಗಿ ಒಂದು ಅರ್ಥ ನನಗೂ ಹೊಳೆದಿತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಸುಮ್ಮನೆ ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ.

"ನನಗೂ ಗೊತ್ತಾಗಲಿಲ್ಲ, ನೋಡ್ತಾ ಇದ್ದೇನೆ" ಅಂದಳು.