ಸೆಕೆಂಡಿನೊಳಗೆ ಅಡಗಿದ್ದ ಉತ್ತರ

ಶಿಕ್ಷಕ ಮಿತ್ರರೇ, ನಕ್ಷೆ ಒಂದು ಹೇಳಿ, ಮಕ್ಕಳ ಕಿವಿ ಇನ್ನೊಂದು ಹೇಳಿದರೆ ನೀವು ಯಾವುದನ್ನು ನಂಬುತ್ತೀರಿ? ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ.

ಏಳನೇ ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿದೆವು. ರಬ್ಬರ್ ಚೆಂಡನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟು, ಅದು ಪುಟಿಯುವ ಸದ್ದನ್ನು ಮೊಬೈಲಿನಲ್ಲಿ ದಾಖಲಿಸಿದೆವು. ಪ್ರತಿ ಬಡಿತದ ವೇಳೆ ಮಿಲಿಸೆಕೆಂಡಿನವರೆಗೆ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಸಿಕ್ಕಿತು. 11 ಗಂಟೆ 20 ನಿಮಿಷದ ನಂತರದ ಸೆಕೆಂಡುಗಳು ಹೀಗಿದ್ದವು: 5.412, 6.135, 6.713, 7.176, 7.546, 7.842, 8.079. ಇಷ್ಟೊಂದು ಅಂಕಿ ಮಕ್ಕಳಿಗೇಕೆ ಎಂದುಕೊಂಡು, ಬಿಂದುವಿನ ಮುಂದಿನದನ್ನೆಲ್ಲ ಅಳಿಸಿ ಗಣಕದಲ್ಲಿ ನಕ್ಷೆ ಬರೆಸಿದೆ.

ಅಡ್ಡ ಅಕ್ಷದಲ್ಲಿ ವೇಳೆ, ಲಂಬ ಅಕ್ಷದಲ್ಲಿ ಬಡಿತದ ಸಂಖ್ಯೆ. 6ನೇ ಸೆಕೆಂಡಿನ ಮೇಲೆ ಎರಡು ಚುಕ್ಕಿ, 7ರ ಮೇಲೆ ಮೂರು ಚುಕ್ಕಿ ಒಂದರ ಮೇಲೊಂದು ನಿಂತವು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಚೆಂಡು ಒಂದೇ ಹೊತ್ತಿಗೆ ಮೂರು ಸಲ ಬಡಿಯುತ್ತಾ? ಟಕ್ ಟಕ್ ಅನ್ನೋದು ಬರ್ತಾ ಬರ್ತಾ ಬೇಗ ಬೇಗ ಕೇಳಿಸ್ತು. ಇದರಲ್ಲಿ ಅದು ಕಾಣಲ್ಲ."

"ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ, ಕೂತ್ಕೋ" ಎಂದುಬಿಟ್ಟೆ. ಆ ದಿನ ಅವಳು ಮತ್ತೆ ಏನನ್ನೂ ಕೇಳಲಿಲ್ಲ.

ಸಂಜೆ ಮನಸ್ಸು ತಡೆಯದೆ ಮೂಲ ಕಡತ ತೆರೆದೆ. ಬಡಿತಗಳ ನಡುವಿನ ಅಂತರ 0.723, 0.578, 0.463, 0.370 ಸೆಕೆಂಡು ಎಂದು ಇಳಿಯುತ್ತಾ ಹೋಗಿತ್ತು. ಪ್ರತಿಯೊಂದೂ ಹಿಂದಿನದರ ಸುಮಾರು 0.8ರಷ್ಟು! ಅಂದರೆ ಪ್ರತಿ ಬಡಿತಕ್ಕೂ ಚೆಂಡಿನ ವೇಗದಲ್ಲಿ ಐದನೇ ಒಂದು ಭಾಗ ನಷ್ಟವಾಗುತ್ತಿತ್ತು. ನಾನು ಅಳಿಸಿದ್ದು ಬರೀ ಅಂಕಿಗಳನ್ನಲ್ಲ, ಪಾಠವನ್ನೇ.

ನೀವು ಗಣಕ ಬಳಸುವಾಗ ಈ ಮಾತುಗಳು ನೆನಪಿರಲಿ. ಲೆಕ್ಕಪಟ್ಟಿ ತಂತ್ರಾಂಶಗಳು ವೇಳೆಯನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತವೆ. ಮಧ್ಯಾಹ್ನ 12 ಗಂಟೆ ಎಂದರೆ 0.5. ತೆರೆಯ ಮೇಲೆ ಮಿಲಿಸೆಕೆಂಡು ಕಾಣದಿದ್ದರೂ ಒಳಗೆ ಇರಬಹುದು. ವೇಳೆಯ ನಮೂನೆಯಲ್ಲಿ ಸೆಕೆಂಡಿನ ನಂತರ ಬಿಂದು ಮತ್ತು ಮೂರು ಸೊನ್ನೆ ಸೇರಿಸಿದರೆ ಅದು ಕಾಣುತ್ತದೆ. ಆದರೆ ಕಾಣದ ಸ್ಥಿತಿಯಲ್ಲೇ ಸಿಎಸ್‌ವಿ ಕಡತವಾಗಿ ಉಳಿಸಿದರೆ, ಸಾಮಾನ್ಯವಾಗಿ ಕಂಡಷ್ಟೇ ಉಳಿಯುತ್ತದೆ, ಉಳಿದದ್ದು ಹೋಗುತ್ತದೆ. ಆದ್ದರಿಂದ ಮೂಲ ಕಡತವನ್ನು ಮುಟ್ಟದೆ ಜೋಪಾನವಾಗಿಡಿ.

ಇನ್ನು ಕೆಲವು ತಂತ್ರಾಂಶಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತವೆ, ಕೆಲವು ಮಿಲಿಸೆಕೆಂಡು ಎಣಿಸುತ್ತವೆ. 170 ಕೋಟಿ ಸೆಕೆಂಡು ಎಂದರೆ 2023ರ ನವೆಂಬರ್. ಅದನ್ನೇ ಮಿಲಿಸೆಕೆಂಡು ಎಂದು ಓದಿದರೆ 1970ರ ಜನವರಿ 20 ಆಗುತ್ತದೆ!

ಹಾಗೆಂದು ಎಲ್ಲ ಕಡೆ ಮೂರು ದಶಮಾಂಶ ಬರೆಯಬೇಡಿ. ಕೈಯಿಂದ ಸ್ಟಾಪ್‌ವಾಚ್ ಒತ್ತುವಾಗ ನಮ್ಮ ಬೆರಳೇ ಸುಮಾರು 0.2 ಸೆಕೆಂಡು ತಡಮಾಡುತ್ತದೆ. ಅಲ್ಲಿ ಮಿಲಿಸೆಕೆಂಡಿಗೆ ಅರ್ಥವಿಲ್ಲ.

ಮುಂದಿನ ವಾರ ಅದೇ ಶಾಲೆಗೆ ಹೋಗಿ, ಎಲ್ಲರೆದುರು "ನಿನ್ನ ಕಿವಿಯೇ ಸರಿ, ತಪ್ಪು ನನ್ನದು" ಎಂದೆ. ಹೊಸ ನಕ್ಷೆಯಲ್ಲಿ ಚುಕ್ಕಿಗಳು ಹತ್ತಿರ ಹತ್ತಿರವಾಗುತ್ತಾ ಮೇಲೇರಿದ್ದವು. ಅವಳು ನೋಡಿ ನಕ್ಕಳು. ಮರುಕ್ಷಣವೇ ಕೇಳಿದಳು: "ಹಾಗಾದ್ರೆ ಚೆಂಡು ಪೂರ್ತಿ ನಿಲ್ಲೋದು ಯಾವಾಗ ಸರ್?"

ಉತ್ತರ ಆ ಅಂಕಿಗಳಲ್ಲೇ ಇದೆ. ನಿಮ್ಮ ಮಕ್ಕಳೊಂದಿಗೆ ಚೆಂಡು ಬಿಟ್ಟು ಹುಡುಕಿ ನೋಡಿ.