ಕಲ್ಲಾಗುವುದು, ಜಡ್ಡುಗಟ್ಟುವುದು

ಪೋರ್ಚುಗೀಸರು ನಮಗೆ ಮೇಜು, ಚಾವಿ, ಸಾಬೂನು ಕೊಟ್ಟರು. ಕೊಡದೆ ಹೋದ ಒಂದು ಕ್ರಿಯಾಪದ ‘ಎಂಪೆದೆರ್ನೀರ್’. ‘ಪೆದ್ರ’ ಎಂದರೆ ಕಲ್ಲು; ಇದು ಕಲ್ಲಾಗುವುದು. ಹಳೆಯ ವ್ಯಾಕರಣಗಳ ಪ್ರಕಾರ ಇದರ ರೂಪಗಳು ಅಪೂರ್ಣ: ‘ನಾವು ಕಲ್ಲಾಗುತ್ತೇವೆ’ ಅನ್ನಬಹುದು, ‘ನಾನು ಕಲ್ಲಾಗುತ್ತೇನೆ’ ಅನ್ನುವಂತಿಲ್ಲ! ಹೆಚ್ಚಾಗಿ ಬಳಕೆಯಲ್ಲಿರುವುದು ಕೃದಂತ, ಅದೂ ಹೃದಯದ ಜೊತೆ.

ಕಾಶಿಯ ಶಿವಾಲದಲ್ಲಿ ಅತ್ತೆಯ ಮನೆಯಲ್ಲಿದ್ದಾಗ ಇದೇ ತಲೆಯಲ್ಲಿತ್ತು. ಅಲ್ಲಿಂದ ಹನುಮಾನ್ ಘಾಟ್, ನಮ್ಮ ಕರ್ನಾಟಕ ಘಾಟ್ ದಾಟಿದರೆ ಹರಿಶ್ಚಂದ್ರ ಘಾಟ್. ದಿನಾ ಚಿತೆ. ಮಾವನನ್ನು ಸುಟ್ಟದ್ದೂ ಅಲ್ಲೇ. ಅತ್ತೆ ಅಳಲಿಲ್ಲವಂತೆ; ಊರಲ್ಲಿ ಚಿಕ್ಕಪ್ಪ “ಅವಳದು ಕಲ್ಲೆದೆ” ಅಂದುಬಿಟ್ಟಿದ್ದರು.

ಕೇಳಿಯೇ ಬಿಟ್ಟೆ: “ದಿನಾ ನೋಡಿ ಮನಸ್ಸು ಕಲ್ಲಾಗೋಲ್ವೇ, ಅತ್ತೆ?”

“ಕಲ್ಲಾದ್ರೆ ನೋಯೋಲ್ಲ ಕಣೋ. ಇದು ಜಡ್ಡು. ಒತ್ತಿದ್ರೆ ಒಳಗೆ ನೋಯುತ್ತೆ.”

ಪೋರ್ಚುಗೀಸಿಗೂ ಈ ಭೇದ ಗೊತ್ತು. ‘ಕಾಲೊ’ ಎಂದರೆ ಜಡ್ಡು, ಅದರಿಂದ ‘ಕಲೆಜಾರ್’. ಹುಟ್ಟು ಹಾಕಿ ಹಾಕಿ ಒರಟಾದ ಅಂಬಿಗನ ಅಂಗೈಗೂ, ಬದುಕಿ ಪಳಗಿದವರಿಗೂ ಅದೇ ಮಾತು. ಅದಕ್ಕೆ ‘ನಾನು’ ರೂಪ ಉಂಟು.

ಊರಿಗೆ ಬಂದು ಚಿಕ್ಕಪ್ಪನಿಗೆ ಇಷ್ಟೂ ಹೇಳಿದೆ. ವ್ಯಾಕರಣ ಅವರಿಗೆ ಬೇಕಿರಲಿಲ್ಲ. “ಒಬ್ಬಳೇ ಊಟಕ್ಕೇನ್ಮಾಡ್ತಾಳೆ?” ಅಂದರು. ಮಾರನೇ ದಿನ ಅತ್ತೆಗೆ ಕಾಗದ ಬರೆದರು.